ಜಿಮಿ ಹೆಂಡ್ರಿಕ್ಸನ ಅಜ್ಜಿ

ರಾಕ್ ಸಂಗೀತದ ವಿಷಯದಲ್ಲಿ ನಮ್ಮ ಕಾಲೇಜಿನಲ್ಲಿ ಎರಡು ಪಕ್ಷಗಳಿವೆ. ವಿದ್ಯಾರ್ಥಿನಿಲಯದ ಗೆಳೆಯರಿಗೆ ಅದು ಪ್ರಾಣ. ಗುರುಗಳಲ್ಲಿ ಅನೇಕರಿಗೆ ಅದು ಹಿರಿಯರ ಹಂಗಿಲ್ಲದ ಹುಡುಗರ ಕೂಗಾಟ. ಈ ಎರಡನೆಯ ಮಾತನ್ನು ಕೇಳಿದಾಗಲೆಲ್ಲ ನನಗೆ ಒಬ್ಬ ಮುದುಕಿಯ ನೆನಪಾಗುತ್ತದೆ. ಆಕೆ ನೋರಾ ಹೆಂಡ್ರಿಕ್ಸ್. ಗಿಟಾರ್ ವಾದನದ ರೀತಿಯನ್ನೇ ನಾಲ್ಕು ವರ್ಷಗಳಲ್ಲಿ ಬದಲಿಸಿಬಿಟ್ಟ ಜಿಮಿ ಹೆಂಡ್ರಿಕ್ಸನ ತಂದೆಯ ತಾಯಿ. ಜಿಮಿ ತೀರಿಕೊಂಡು ಅರ್ಧ ಶತಮಾನಕ್ಕೂ ಮಿಕ್ಕಿತು. ಅವನ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಲಂಡನ್ ನಗರದಿಂದಲೋ ಅವನು ಸುಟ್ಟ ಗಿಟಾರಿನಿಂದಲೋ ತೊಡಗುತ್ತಾರೆ. ನಾನು ಅಜ್ಜಿಯ ಮನೆಯಿಂದ ತೊಡಗುತ್ತೇನೆ.

ನೋರಾ ಹುಟ್ಟಿದ್ದು 1883ರಲ್ಲಿ, ಅಮೆರಿಕಾ ಸಂಯುಕ್ತ ಸಂಸ್ಥಾನದ ಟೆನೆಸಿ ಪ್ರಾಂತದ ನಾಕ್ಸ್‌ವಿಲ್ ಪಟ್ಟಣದಲ್ಲಿ. ನೀಗ್ರೋ ಜನರ ಗುಲಾಮಗಿರಿ ಕಾನೂನಿನ ಪ್ರಕಾರ ಅಳಿದು ಆಗ ಇನ್ನೂ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ತನ್ನ ವಂಶದಲ್ಲಿ ಚೆರೋಕಿ ಎಂಬ ಮೂಲನಿವಾಸಿಗಳ ರಕ್ತವೂ ಇದೆಯೆಂದು ಆಕೆ ಹೇಳಿಕೊಳ್ಳುತ್ತಿದ್ದಳು. ಪ್ರಾಯದಲ್ಲಿ ಆಕೆ ವಾಡ್ವಿಲ್ ತಂಡವೊಂದರಲ್ಲಿ ನರ್ತಕಿಯಾದಳು. ವಾಡ್ವಿಲ್ ಎಂದರೆ ಹಾಡು, ಕುಣಿತ, ಹಾಸ್ಯ ಎಲ್ಲವೂ ಬೆರೆತ ಆಟ. ನಮ್ಮ ಕಂಪನಿ ನಾಟಕದವರಂತೆ ಗಂಟುಮೂಟೆ ಕಟ್ಟಿಕೊಂಡು ಊರೂರು ತಿರುಗುವ ಬದುಕು. ಅದೇ ತಂಡದಲ್ಲಿ ರಂಗದ ಹಿಂದಿನ ಕೆಲಸಕ್ಕಿದ್ದ ರಾಸ್ ಹೆಂಡ್ರಿಕ್ಸನನ್ನು ಆಕೆ ವರಿಸಿದಳು. ತಂಡ ಪಶ್ಚಿಮ ತೀರದ ಸಿಯಾಟಲ್ ನಗರವನ್ನು ಮುಟ್ಟಿ ಚದುರಿಹೋಯಿತು. 1911ರಲ್ಲಿ ದಂಪತಿಗಳು ಗಡಿ ದಾಟಿ ಕೆನಡಾ ದೇಶದ ವ್ಯಾಂಕೂವರ್ ಸೇರಿದರು.

ಅಲ್ಲಿ ಹೋಗನ್ಸ್ ಆಲಿ ಎಂಬ ಓಣಿಯ ಸುತ್ತ ಕಪ್ಪು ಜನರ ಒಂದು ಸಣ್ಣ ಕೇರಿಯಿತ್ತು. ರೈಲು ನಿಲ್ದಾಣಗಳಿಗೆ ಸಮೀಪ. ಗಂಡಸರಲ್ಲಿ ಬಹುಮಂದಿ ರೈಲುಗಾಡಿಯಲ್ಲಿ ಪ್ರಯಾಣಿಕರ ಸೇವೆ ಮಾಡುವ ಕೆಲಸದವರು, ಏಕೆಂದರೆ ಬೇರೆ ಕೆಲಸ ಅವರಿಗೆ ಸುಲಭವಾಗಿ ದೊರೆಯುತ್ತಿರಲಿಲ್ಲ. ಕೇರಿಗೆ ತನ್ನದೆನ್ನುವ ಪ್ರಾರ್ಥನಾಮಂದಿರವಿಲ್ಲವೆಂದು ನೋರಾ ಮತ್ತು ಕೆಲವರು ಕೂಡಿ 1918ರ ಸುಮಾರಿಗೆ ಫೌಂಟನ್ ಚಾಪೆಲ್ ಎಂಬ ಸಭೆಯನ್ನು ಸ್ಥಾಪಿಸಿದರು. ಅದಕ್ಕಾಗಿ ಹಣ ಕೂಡಿಸುವುದರಲ್ಲಿಯೂ ಅಲ್ಲಿನ ಮೇಳದಲ್ಲಿ ಹಾಡುವುದರಲ್ಲಿಯೂ ಆಕೆ ಮುಂದಾಳು. ರಂಗದ ಮೇಲೆ ಕುಣಿದ ಕಾಲು, ದೇವರ ಮುಂದೆ ಹಾಡಿದ ಕಂಠ, ಎರಡೂ ಒಬ್ಬಳದೇ. 1934ರಲ್ಲಿ ಗಂಡ ತೀರಿಕೊಂಡ. ಮುಂದೆ ಬಹುಕಾಲ ಆಕೆ ಅದೇ ಕೇರಿಯ ‘ವೈಸ್’ ಎಂಬ ಕೋಳಿಮಾಂಸದ ಊಟದ ಮನೆಯಲ್ಲಿ ಅಡಿಗೆ ಮಾಡಿ ಜೀವಿಸಿದಳು.

ಆಕೆಯ ಕಿರಿಯ ಮಗ ಆಲ್ ಹೊಟ್ಟೆಪಾಡಿಗಾಗಿ ಸಿಯಾಟಲಿಗೆ ಹೋದ. ಅಲ್ಲಿ ಹದಿನಾರು ಹದಿನೇಳರ ಹುಡುಗಿ ಲೂಸಿಲಳನ್ನು ಮದುವೆಯಾಗಿ ಕೂಡಲೆ ಯುದ್ಧದ ಸೈನ್ಯಕ್ಕೆ ಸೇರಬೇಕಾಯಿತು. 1942ರ ನವೆಂಬರ್ 27ರಂದು ಮಗು ಹುಟ್ಟಿದಾಗ ತಂದೆ ಶಿಬಿರದಲ್ಲಿದ್ದ. ತಾಯಿ ಇಟ್ಟ ಹೆಸರು ಜಾನಿ ಆಲೆನ್. ಯುದ್ಧದಿಂದ ಮರಳಿದ ತಂದೆ ಅದನ್ನು 1946ರಲ್ಲಿ ಜೇಮ್ಸ್ ಮಾರ್ಷಲ್ ಎಂದು ಬದಲಿಸಿದ. ಹೆಸರೇ ನಿಲ್ಲದ ಮಗುವಿಗೆ ಮನೆ ಹೇಗೆ ನಿಂತೀತು? ತಂದೆತಾಯಿಗಳ ಕುಡಿತ, ಜಗಳ, 1951ರಲ್ಲಿ ವಿಚ್ಛೇದನ. ತಮ್ಮತಂಗಿಯರಲ್ಲಿ ಕೆಲವರನ್ನು ಪರರ ಮನೆಗೆ ಒಪ್ಪಿಸಲಾಯಿತು. 1958ರಲ್ಲಿ ತಾಯಿ 32ನೆಯ ವಯಸ್ಸಿಗೇ ತೀರಿಕೊಂಡಳು. ಹುಡುಗನನ್ನು ಅಂತ್ಯಕ್ರಿಯೆಗೂ ಕರೆದೊಯ್ಯಲಿಲ್ಲ.

ಇಂಥ ಬಾಳಿನಲ್ಲಿ ಅಲುಗದೆ ನಿಂತ ಮನೆಯೆಂದರೆ ಗಡಿಯಾಚೆಯ ಅಜ್ಜಿಯದು. ಹುಡುಗನನ್ನು ಆಗಾಗ ಅಲ್ಲಿಗೆ ಕಳಿಸುತ್ತಿದ್ದರು. ಕೆಲಕಾಲ ಅವನು ವ್ಯಾಂಕೂವರಿನ ಶಾಲೆಗೂ ಹೋದ. ಅಜ್ಜಿ ಹೇಳಿದ ಕಥೆಗಳು ರಾಜಕುಮಾರರವಲ್ಲ. ತಾನು ಕುಣಿದ ರಂಗಗಳು, ತಿರುಗಿದ ಊರುಗಳು, ಚೆರೋಕಿ ಪೂರ್ವಜರು, ಇವೇ ಆ ಕಥೆಗಳು. ಆಕೆ ಅವನಿಗೆ ಕುಚ್ಚುಗಳನ್ನು ಇಳಿಬಿಟ್ಟ ಮೆಕ್ಸಿಕೋ ದೇಶದ ರೀತಿಯ ಒಂದು ಪುಟ್ಟ ಕೋಟನ್ನು ಕೊಟ್ಟಿದ್ದಳು. ಉಳಿದ ಹುಡುಗರು ಏನೆಂದುಕೊಂಡರೂ ಸರಿಯೆಂದು ಅವನು ದಿನವೂ ಅದನ್ನೇ ತೊಟ್ಟು ಶಾಲೆಗೆ ಹೋಗುತ್ತಿದ್ದನೆಂದು ದೊಡ್ಡವನಾದ ಮೇಲೆ ನೆನೆದುಕೊಂಡಿದ್ದಾನೆ. ಕೋಟು ಸಣ್ಣ ವಿಷಯ. ಆದರೆ ಹರಕು ಬಟ್ಟೆಯ ಬಡ ಹುಡುಗನೊಬ್ಬನಿಗೆ, ಹತ್ತು ಜನರ ನಡುವೆ ಬೇರೆಯಾಗಿ ಕಾಣುವುದು ಅವಮಾನವಲ್ಲ, ಅದು ರಂಗದವರ ಹಕ್ಕು ಎಂದು ತೋರಿಸಿಕೊಟ್ಟವಳು ರಂಗವನ್ನು ಬಲ್ಲ ಅಜ್ಜಿಯಲ್ಲದೆ ಬೇರಾರೂ ಅಲ್ಲವೆಂದು ನನ್ನ ಎಣಿಕೆ.

ವಾದ್ಯ ಇನ್ನೂ ಕೈಗೆ ಬಂದಿರಲಿಲ್ಲ. ಶಾಲೆಯಲ್ಲಿ ಪೊರಕೆಯನ್ನೇ ಎದೆಗೊತ್ತಿಕೊಂಡು ಗಿಟಾರಿನಂತೆ ಮೀಟುತ್ತಿದ್ದ. 1957ರಲ್ಲಿ ತಂದೆಯೊಡನೆ ಒಬ್ಬರ ಮನೆಯ ಕಸ ತೆಗೆಯುವಾಗ ಒಂದೇ ತಂತಿಯ ಹಳೆಯ ಯೂಕುಲೇಲಿ ಸಿಕ್ಕಿತು. ಆ ಒಂದು ತಂತಿಯ ಮೇಲೆಯೇ ಆಕಾಶವಾಣಿಯ ಹಾಡುಗಳನ್ನು ಹುಡುಕಿ ಹುಡುಕಿ ನುಡಿಸಿದ. ಮರುವರ್ಷ 5 ಡಾಲರಿಗೆ ಒಂದು ಹಳೆಯ ಗಿಟಾರ್, 1959ರಲ್ಲಿ ತಂದೆ ಕೊಡಿಸಿದ ಮೊದಲ ವಿದ್ಯುತ್ ಗಿಟಾರ್. ಹುಡುಗ ಎಡಚ. ಎಡಗೈ ಸೈತಾನನದೆಂಬ ಶಂಕೆ ತಂದೆಗೆ ಇದ್ದಿತೆಂದು ಮನೆಯವರು ಹೇಳುತ್ತಾರೆ (ಎಡಗೈಯನ್ನು ಕಂಡು ಗದರುವ ಹಿರಿಯರು ನಮ್ಮಲ್ಲಿ ಮಾತ್ರ ಇರುವುದಲ್ಲ!). ಬಲಗೈಯವರ ಗಿಟಾರನ್ನು ತಲೆಕೆಳಗು ಮಾಡಿ, ತಂತಿಗಳನ್ನು ಹಿಂದುಮುಂದಾಗಿ ಬಿಗಿದು ಅವನು ನುಡಿಸಿದ. ಕೊನೆಯವರೆಗೂ ಅದೇ ಪದ್ಧತಿ.

ಮುಂದಿನ ವರ್ಷಗಳನ್ನು ಬೇಗನೆ ದಾಟುತ್ತೇನೆ. 1961ರಲ್ಲಿ ಸೈನ್ಯದ ಪ್ಯಾರಾಚೂಟ್ ದಳ, ಮರುವರ್ಷ ಅಲ್ಲಿಂದ ಬಿಡುಗಡೆ. ಆ ವರ್ಷದ ಕೊನೆಯಲ್ಲಿ ಮತ್ತೆ ಅಜ್ಜಿಯ ಮನೆಯಲ್ಲಿ ಕೆಲವು ದಿನ. ಆಮೇಲೆ ಮೂರು ನಾಲ್ಕು ವರ್ಷ ಲಿಟಲ್ ರಿಚರ್ಡ್, ಇಸ್ಲಿ ಸಹೋದರರು ಮೊದಲಾದವರ ಹಿಂದೆ ನಿಂತು ನುಡಿಸುವ ಬಡಪಾಯಿ ವಾದಕನ ಅಲೆದಾಟ, ಅಜ್ಜಿ ಒಮ್ಮೆ ಅಲೆದಂತೆಯೇ. 1966ರ ಸೆಪ್ಟೆಂಬರಿನಲ್ಲಿ ಚಾಸ್ ಚಾಂಡ್ಲರ್ ಎಂಬ ಇಂಗ್ಲಿಷ್ ವಾದಕ ಅವನನ್ನು ಲಂಡನ್ನಿಗೆ ಕರೆದೊಯ್ದ. ಕೆಲವೇ ತಿಂಗಳಲ್ಲಿ ಅಲ್ಲಿನ ಪ್ರಸಿದ್ಧ ಗಿಟಾರ್ ವಾದಕರೆಲ್ಲ ಅವನನ್ನು ಕೇಳಲು ಬಂದು ಬೆರಗಾದರು.

ಅವನು ಮಾಡಿದ್ದೇನೆಂಬುದನ್ನು ಭೌತಶಾಸ್ತ್ರದ ಗೆಳೆಯನೊಬ್ಬ ನನಗೆ ವಿವರಿಸಿದ. ವಿದ್ಯುತ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ ಅದಕ್ಕೆ ಸುತ್ತಿದ ತಾಮ್ರದ ಸುರುಳಿಯೂ ಇರುತ್ತವೆ. ತಂತಿ ಕಂಪಿಸಿದೊಡನೆ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟಿ, ಆಂಪ್ಲಿಫೈಯರಿನಲ್ಲಿ ಬಲಗೊಂಡು, ಸ್ಪೀಕರಿನಿಂದ ನಾದವಾಗಿ ಹೊರಬರುತ್ತದೆ. ಸ್ಪೀಕರಿಗೆ ತೀರ ಸಮೀಪ ನಿಂತರೆ ಆ ನಾದವೇ ತಂತಿಯನ್ನು ಮತ್ತೆ ಅಲುಗಿಸುತ್ತದೆ; ಅದು ಮತ್ತೆ ನಾದ, ಮತ್ತೆ ಕಂಪನ, ಕೊನೆಗೆ ಒಂದು ಊಳು. ನಮ್ಮ ವಾರ್ಷಿಕೋತ್ಸವದಲ್ಲಿ ಮೈಕು ಕೂಗಿಕೊಂಡಾಗ ಎಲ್ಲರೂ ಕಿವಿ ಮುಚ್ಚುವುದು ಇದಕ್ಕೇ. ಜಿಮಿಗಿಂತ ಮುಂಚೆ ಕೆಲವರು ಇದನ್ನು ಬಳಸಿದ್ದುಂಟು. ಅವನಾದರೋ ಒಂದು ಹೆಜ್ಜೆ ಹಿಂದೆ ಮುಂದೆ ಸರಿದು, ಮೈಯನ್ನು ತುಸು ತಿರುಗಿಸಿ, ಆ ಊಳನ್ನು ಸ್ವರವಾಗಿ ಪಳಗಿಸಿಕೊಂಡ. ಅಂದರೆ ಅವನ ವಾದನದಲ್ಲಿ ಬೆರಳಿನಷ್ಟೇ ಕೆಲಸ ಕಾಲಿಗೂ ಇತ್ತು. ನರ್ತಕಿಯ ಮೊಮ್ಮಗನಿಗೆ ಇದು ಸಹಜವೆಂದರೆ ವಿಜ್ಞಾನದವರು ನಗಬಹುದು, ನಗಲಿ.

1967ರ ಜೂನ್ 18ರಂದು ಕ್ಯಾಲಿಫೋರ್ನಿಯಾದ ಮಾಂಟೆರಿಯಲ್ಲಿ ಅವನು ರಂಗದ ಮೇಲೆ ಗಿಟಾರಿಗೆ ಬೆಂಕಿ ಹಚ್ಚಿದ್ದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ದಿನ 1968ರ ಸೆಪ್ಟೆಂಬರ್ 7. ಅಂದು ವ್ಯಾಂಕೂವರಿನ ಪೆಸಿಫಿಕ್ ಕೊಲಿಸಿಯಂ ಎಂಬ ಭಾರಿ ಸಭಾಂಗಣದಲ್ಲಿ ಅವನ ಕಚೇರಿ. ಕೂಗುವ ಹರೆಯದವರ ನಡುವೆ 84 ವರ್ಷದ ನೋರಾ ಕುಳಿತಿದ್ದಳು. ಮೊಮ್ಮಗ ಸಭೆಯೆದುರಿಗೇ ಅಜ್ಜಿಯನ್ನು ಸ್ಮರಿಸಿ ಗೌರವಿಸಿದ. ಅಷ್ಟು ಸದ್ದನ್ನು ಹುಡುಗ ಹೇಗೆ ತಾಳಿಕೊಳ್ಳುತ್ತಾನೋ ಎಂದು ಆಮೇಲೆ ಆಕೆ ಬೆರಗಾದಳಂತೆ. ಎಷ್ಟೋ ದೂರ ಬಂದಿತ್ತು ಸಂಗೀತ. ಪ್ರಾರ್ಥನಾಮೇಳದಲ್ಲಿ ಹಾಡಿದವಳಿಗೆ ಅದೆಲ್ಲ ರುಚಿಸಿತೆಂದು ನಾನು ಹೇಳಲಾರೆ. ಆದರೆ ಆಕೆ ಹೋಗಿದ್ದಳು.

ಕಳೆದ ರಜೆಯಲ್ಲಿ ನಮ್ಮಜ್ಜಿಗೆ ನಾನು ಜಿಮಿಯ ‘ಲಿಟಲ್ ವಿಂಗ್’ ಕೇಳಿಸಿದೆ. ಹರಿಕಥೆ, ದೇವರನಾಮಗಳ ಹೊರತು ಬೇರೆ ಸಂಗೀತ ಅರಿಯದ ಜೀವ. ಎಲೆಯಡಿಕೆ ಮಡಿಚುತ್ತ ಕೇಳಿದಳು. ಸದ್ದು ಕಡಿಮೆ ಮಾಡು ಎಂದಳು, ನಿಲ್ಲಿಸು ಎನ್ನಲಿಲ್ಲ. ಅಜ್ಜಿಯರು ಸಂಗೀತಕ್ಕಾಗಿ ಕೂರುವುದಿಲ್ಲ, ನಮಗಾಗಿ ಕೂರುತ್ತಾರೆ. ಆಮೇಲೆ ಎಲ್ಲಿಯೋ ಒಂದು ಎಳೆ ಅವರಿಗೂ ಕೇಳಿಸುತ್ತದೆ.

ಮರುವರ್ಷ, 1969ರ ಆಗಸ್ಟ್ 18ರ ಬೆಳಿಗ್ಗೆ, ವುಡ್‌ಸ್ಟಾಕ್ ಉತ್ಸವದಲ್ಲಿ ಅವನು ಅಮೆರಿಕದ ರಾಷ್ಟ್ರಗೀತೆಯನ್ನು ಗಿಟಾರಿನಲ್ಲಿ ನುಡಿಸಿದ. ವಿಯೆಟ್ನಾಮ್ ಯುದ್ಧದ ಕಾಲ. ಧಾಟಿಯ ನಡುವೆ ಬಾಂಬು ಬೀಳುವ, ಜನ ಚೀರುವ ದನಿಗಳನ್ನು ಕೇಳಿದವರುಂಟು. ಅಂದಿನ ಚಿತ್ರಗಳನ್ನು ನೋಡಿ: ಅವನು ತೊಟ್ಟಿರುವುದು ತೋಳುಗಳಿಂದ ಉದ್ದುದ್ದ ಜಾಲರಿ ಇಳಿಬಿದ್ದಿರುವ ಬಿಳಿಯ ಅಂಗಿ. ಕುಚ್ಚಿನ ಕೋಟು ತೊಟ್ಟು ಶಾಲೆಗೆ ನಡೆದ ಹುಡುಗ ನನಗೆ ಅಲ್ಲಿ ಕಾಣುತ್ತಾನೆ.

1970ರ ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ, ನಿದ್ರೆಯ ಮಾತ್ರೆಗಳ ಅಮಲಿನಲ್ಲಿ ಉಸಿರು ಕಟ್ಟಿ ಅವನು ಸತ್ತ. ವಯಸ್ಸು 27. ಸಿಯಾಟಲಿನ ಹತ್ತಿರದ ರೆಂಟನ್ನಿನಲ್ಲಿ ಮಣ್ಣು ಮಾಡಿದರು. ಅದೇ ಸುಮಾರಿಗೆ ವ್ಯಾಂಕೂವರ್ ನಗರದವರು ವಾಹನಗಳ ಮೇಲ್ಸೇತುವೆಗಾಗಿ ಹೋಗನ್ಸ್ ಆಲಿಯನ್ನು ಕೆಡವಿದರು, ಕೇರಿ ಚೆಲ್ಲಾಪಿಲ್ಲಿಯಾಯಿತು. ಗಂಡ, ಮೊಮ್ಮಗ, ಕೇರಿ ಮೂರನ್ನೂ ಕಳೆದುಕೊಂಡು ನೋರಾ ಇನ್ನೂ 14 ವರ್ಷ ಬಾಳಿದಳು. ಕೇಳಿದವರಿಗೆ ಆ ಕೇರಿಯ ಕಥೆಯನ್ನು ಹೇಳಿ ಬರೆಯಿಸಿದಳು. ಇಂದು ಅಲ್ಲಿನ ಚರಿತ್ರಕಾರರಿಗೆ ಅದೊಂದು ಆಧಾರ. 1984ರಲ್ಲಿ, ನೂರು ತುಂಬಿದ ಮೇಲೆ, ಕಣ್ಣು ಮುಚ್ಚಿದಳು.

2014ರಲ್ಲಿ ಕೆನಡಾದ ಅಂಚೆ ಇಲಾಖೆ ಹೋಗನ್ಸ್ ಆಲಿಯ ನೆನಪಿಗೆ ಒಂದು ಅಂಚೆಚೀಟಿ ಹೊರಡಿಸಿತು; ಅದರಲ್ಲಿ ನೋರಾಳ ಚಿತ್ರವಿದೆ. ಅದೇ ವರ್ಷ ಮಾರ್ಚ್ ತಿಂಗಳಿನಲ್ಲಿ ಅಮೆರಿಕದ ಅಂಚೆಯವರು ಜಿಮಿಯ ಚೀಟಿಯನ್ನು ಹೊರತಂದರು. ಗಡಿಯ ಆಚೆಗೊಂದು, ಈಚೆಗೊಂದು. ಅಂಚೆಚೀಟಿ ಕೂಡಿಡುವ ಹವ್ಯಾಸವುಳ್ಳ ಸಹಪಾಠಿಗಳು ಯಾರಾದರೂ ಈ ಎರಡನ್ನೂ ಸಂಪಾದಿಸಿದರೆ, ಒಂದೇ ಪುಟದಲ್ಲಿ ಅಂಟಿಸಬೇಕೆಂದು ನನ್ನ ಕೋರಿಕೆ.