ಪ್ಲೇಗಿಗೆ ಲಸಿಕೆ ಕೊಟ್ಟ ಹಾಫ್ಕಿನ್‌ಗೆ ಒಂದು ಬಾಟಲಿ ತಂದ ಕಳಂಕ

ಸೊಲ್ಲಾಪುರ: ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮನೆಗಳಿಗೆ ಹಾಫ್ಕಿನ್ ಹೆಸರು ಹೊಸದಲ್ಲ. ಮುಂಬಯಿ ಪರಳದ ಹಾಫ್ಕಿನ್ ಅಂದರೆ ಮಕ್ಕಳ ಪೋಲಿಯೊ ಡೋಸು, ಹಾವು ಕಚ್ಚಿದವರಿಗೆ ಕೊಡುವ ಇಂಜೆಕ್ಷನ್ ನೆನಪಾಗುತ್ತದೆ. ಅದು ಯಾವುದೋ ಕಂಪನಿಯ ಹೆಸರು ಅಂತ ತಿಳಿದವರೂ ಇದ್ದಾರೆ. ಅದು ಒಬ್ಬ ಮನುಷ್ಯನ ಹೆಸರು. ಪ್ಲೇಗ್ ಬೇನೆಗೆ ಮುಂಬಯಿಯಲ್ಲಿ ಲಸಿಕೆ ತಯಾರಿಸಿ, ಅದೇ ಲಸಿಕೆಯ ಕಾರಣಕ್ಕೆ ಐದು ವರ್ಷ ಅಪರಾಧಿಯಂತೆ ತಿರುಗಬೇಕಾದವರ ಹೆಸರು.

ವಾಲ್ಡೆಮರ್ ಹಾಫ್ಕಿನ್ ಹುಟ್ಟಿದ್ದು 1860ರಲ್ಲಿ, ಈಗ ಉಕ್ರೇನಿನಲ್ಲಿರುವ ಒಡೆಸ್ಸಾದಲ್ಲಿ. ಆಗ ಅದು ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಯಹೂದಿ ಮನೆತನ. ಯಹೂದಿಗಳ ಮೇಲೆ ದಾಳಿ ನಡೆದಾಗ ತಡೆಯಲು ನಿಂತು ಗಾಯಗೊಂಡರು, ಜೈಲನ್ನೂ ಕಂಡರು. ಗುರು ಇಲ್ಯಾ ಮೆಚ್ನಿಕೋವ್ ಓಡಾಡಿ ಬಿಡಿಸಿದರು. ಮುಂದೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದರು. ಅಲ್ಲಿ ಮೊದಲು ಸಿಕ್ಕಿದ್ದು ಗ್ರಂಥಾಲಯದ ಕೆಲಸ. ಪುಸ್ತಕ ನೋಡಿಕೊಳ್ಳುತ್ತಲೇ ಕಾಲರಾಕ್ಕೆ ಲಸಿಕೆ ಸಿದ್ಧಪಡಿಸಿ, 1892ರ ಜುಲೈ 18ರಂದು ಮೊದಲ ಸೂಜಿ ತಾವೇ ಚುಚ್ಚಿಕೊಂಡರು.

1893ರಲ್ಲಿ ಭಾರತಕ್ಕೆ ಬಂದರು. ಆಗ್ರಾ, ಕಲ್ಕತ್ತಾ ಅಂತ ಊರೂರು ಅಲೆದು ಕಾಲರಾ ಲಸಿಕೆ ಹಾಕಿದರು. ಕಲ್ಕತ್ತೆಯ ಬಸ್ತಿಗಳಲ್ಲಿ ಅಲ್ಲಿನ ದೇಶೀಯ ಡಾಕ್ಟರುಗಳು ಜೊತೆಗೆ ನಿಂತಿದ್ದರಿಂದ ಕೆಲಸ ಸಾಗಿತು. ನಡುವೆ ಮಲೇರಿಯಾ ಹಿಡಿದು ಒಮ್ಮೆ ಯುರೋಪಿಗೆ ಮರಳಬೇಕಾಯಿತು.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಿತ್ತು. ಸರಕಾರ ಹಾಫ್ಕಿನ್‌ರನ್ನು ಕರೆಸಿತು. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಸಿಪಾಯಿಗಳು. ಅಷ್ಟರಲ್ಲೇ ಮೂರು ತಿಂಗಳಿಗೆ ಲಸಿಕೆ ತಯಾರಾಯಿತು. 1897ರ ಜನವರಿ 10ರಂದು ಈ ಸೂಜಿಯನ್ನೂ ಮೊದಲು ತಮಗೇ ಹಾಕಿಸಿಕೊಂಡರು. ಜ್ವರ ಬಂತು, ಇಳಿಯಿತು. ಅದೇ ತಿಂಗಳು ಬೈಕುಲ್ಲಾ ಜೈಲಿನಲ್ಲಿ ಪ್ಲೇಗ್ ಕಾಣಿಸಿದಾಗ ಒಪ್ಪಿದ ಕೈದಿಗಳಿಗೆ ಹಾಕಿದರು. ಹಾಕಿಸಿಕೊಳ್ಳದವರಲ್ಲಿ ಹೆಚ್ಚು ಸಾವಾಯಿತು.

ಪುಣೆಯಲ್ಲಿ ಪ್ಲೇಗ್ ಹೆಸರಿನಲ್ಲಿ ಸೋಲ್ಜರುಗಳು ಮನೆ ಹೊಕ್ಕದ್ದು, 1897ರ ಜೂನ್‌ನಲ್ಲಿ ಚಾಪೇಕರ ಸಹೋದರರು ರ್‍ಯಾಂಡ್ ಸಾಹೇಬನಿಗೆ ಗುಂಡು ಹಾರಿಸಿದ್ದು ಮಹಾರಾಷ್ಟ್ರದ ಶಾಲೆ ಮಕ್ಕಳಿಗೂ ಗೊತ್ತು. ಸರಕಾರದ ಕೈಯಿಂದ ಬಂದದ್ದೆಲ್ಲ ಅನುಮಾನವೇ ಆಗಿದ್ದ ಕಾಲ ಅದು. ಅಂಥದರಲ್ಲೂ ಆಗಾ ಖಾನರು ಎಲ್ಲರ ಎದುರು ಸೂಜಿ ಮಾಡಿಸಿಕೊಂಡರು, ತಮ್ಮ ಬಂಗಲೆಯನ್ನೂ ಲಸಿಕೆ ಕೆಲಸಕ್ಕೆ ಬಿಟ್ಟುಕೊಟ್ಟರು. 1898ರಲ್ಲಿ ಹುಬ್ಬಳ್ಳಿ, ಧಾರವಾಡದ ಸಾವಿರಾರು ಮಂದಿ ಲಸಿಕೆ ಹಾಕಿಸಿಕೊಂಡರು. 1899ರಲ್ಲಿ ಪರಳದ ಹಳೇ ಗವರ್ನರ್ ಬಂಗಲೆಯಲ್ಲಿ ಪ್ಲೇಗ್ ಪ್ರಯೋಗಾಲಯ ಶುರುವಾಗಿ ಹಾಫ್ಕಿನ್ ಅದರ ಮುಖ್ಯಸ್ಥರಾದರು.

ಮೂರು ವರ್ಷಕ್ಕೆ ಎಲ್ಲ ತಲೆಕೆಳಗಾಯಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ (ಈಗ ಪಾಕಿಸ್ತಾನಕ್ಕೆ ಸೇರಿದೆ) 107 ಮಂದಿಗೆ ಲಸಿಕೆ ಹಾಕಲಾಯಿತು. 88 ಜನರಿಗೆ ಏನೂ ಆಗಲಿಲ್ಲ. ಒಂದೇ ಬಾಟಲಿಯಿಂದ ಹಾಕಿಸಿಕೊಂಡ 19 ಮಂದಿ ಧನುರ್ವಾಯು ಆಗಿ ಸತ್ತರು. ಬೇನೆ ಬಾರದಿರಲಿ ಅಂತ ತೋಳು ಒಡ್ಡಿದವರು ಅವರು. ಆ ಮನೆಗಳ ದುಃಖಕ್ಕೆ ಲೆಕ್ಕವಿಲ್ಲ.

ಬೇಗ ಹೆಚ್ಚು ಲಸಿಕೆ ತಯಾರಾಗಲಿ ಅಂತ ಹಾಫ್ಕಿನ್ ಕಾರ್ಬಾಲಿಕ್ ಆಮ್ಲ ಬಿಟ್ಟು ಬರೀ ಕಾಯಿಸಿ ಶುದ್ಧಗೊಳಿಸುವ ಪದ್ಧತಿ ತಂದಿದ್ದರು. ತನಿಖೆ ಮಾಡಿದವರು ಅದನ್ನೇ ಹಿಡಿದರು. ತಪ್ಪು ಪರಳದ್ದೇ ಅಂತ ತೀರ್ಮಾನವಾಗಿ ಹಾಫ್ಕಿನ್ ಕುರ್ಚಿ ಹೋಯಿತು. ಇಂಗ್ಲೆಂಡಿಗೆ ಹೋಗಿ ನ್ಯಾಯಕ್ಕಾಗಿ ಬಾಗಿಲು ಬಡಿದರು.

ನಡೆದದ್ದು ಬೇರೆಯೇ. ಮಲ್ಕೋವಾಲಿನಲ್ಲಿ ಆ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು. ಧನುರ್ವಾಯು ರೋಗಾಣು ಇರುವುದೇ ಮಣ್ಣಿನಲ್ಲಿ. ಬಿದ್ದ ಚಿಮುಟವನ್ನು ಬೆಂಕಿಗೆ ಹಿಡಿಯದೆ ಔಷಧಿ ನೀರಲ್ಲಿ ಅದ್ದಿ ಅದರಿಂದಲೇ ಬಾಟಲಿಯ ಬೂಚು ತೆಗೆದಿದ್ದರು. ಮುಂಬಯಿಯಲ್ಲೇ ಕೆಟ್ಟಿದ್ದರೆ ತೆರೆದ ಕೂಡಲೇ ನಾತ ಹೊಡೆಯಬೇಕಿತ್ತು, ಹೊಡೆದಿರಲಿಲ್ಲ. ಲಂಡನ್ನಿನ ಲಿಸ್ಟರ್ ಸಂಸ್ಥೆ ಕಾಗದಪತ್ರ ನೋಡಿ ಹಾಫ್ಕಿನ್ ತಪ್ಪಿಲ್ಲ ಅಂದಿತು. ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಹತ್ತು ವಿಜ್ಞಾನಿಗಳ ಸಹಿ ಕೂಡಿಸಿ 1907ರ ಜುಲೈನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದರು. ಆ ವರ್ಷದ ಕೊನೆಗೆ ಕಳಂಕ ಅಳಿಯಿತು.

ಆ 19 ಮಂದಿಯನ್ನು ಕೊಂದ ಧನುರ್ವಾಯುವಿಗೇ ಈಗ ಲಸಿಕೆ ಇದೆ. ಕೂಸಿಗೆ 6, 10, 14 ವಾರಕ್ಕೆ, ಮತ್ತೆ ಒಂದೂವರೆ ವರ್ಷದ ಸುಮಾರಿಗೆ, 5 ವರ್ಷ ತುಂಬಿದ ಮೇಲೆ, ಆಮೇಲೆ 10 ಮತ್ತು 16ನೇ ವರ್ಷಕ್ಕೆ. ಬಸುರಿ ಹೆಣ್ಣುಮಕ್ಕಳಿಗೂ ಉಂಟು. ಸರಕಾರಿ ದವಾಖಾನೆಯಲ್ಲಿ ಇದೆಲ್ಲ ಪುಕ್ಕಟೆ. ಒಬ್ಬರಿಗೆ ಬಳಸಿದ ಸಿರಿಂಜು ಇನ್ನೊಬ್ಬರಿಗೆ ಬಳಸಲು ಬರುವುದೇ ಇಲ್ಲ. ಬಾಟಲಿ ತೆರೆದ ತಾರೀಖು, ವೇಳೆ ಅದರ ಮೇಲೆಯೇ ಬರೆಯುತ್ತಾರೆ. ಸೂಜಿ ಆದ ಮೇಲೆ ಅರ್ಧ ತಾಸು ಕೂರಿಸುತ್ತಾರೆ. ನರ್ಸಮ್ಮ ಸುಮ್ಮನೆ ಹೊತ್ತು ಕಳೆಯುತ್ತಾಳೆ ಅಂತ ಗೊಣಗುವವರು ಮಲ್ಕೋವಾಲ್ ಕೇಳಿರಲಿಕ್ಕಿಲ್ಲ.

ಹಾಫ್ಕಿನ್ ಮತ್ತೆ ಭಾರತಕ್ಕೆ ಬಂದರೂ ಪರಳದ ಹುದ್ದೆಯಲ್ಲಿ ಬೇರೆಯವರಿದ್ದರು. ಕಲ್ಕತ್ತೆಯಲ್ಲಿ ದುಡಿದು 1914ರಲ್ಲಿ ನಿವೃತ್ತರಾದರು. ಮದುವೆಯಾಗಲಿಲ್ಲ. ಪರಳದ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟದ್ದು 1925ರಲ್ಲಿ. ಅಷ್ಟೊತ್ತಿಗೆ ಅವರು ಯುರೋಪಿನಲ್ಲಿ ನೆಲೆಸಿದ್ದರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ಪಟ್ಟಣದಲ್ಲಿ ತೀರಿಕೊಂಡರು.