ಊರಿಲ್ಲದವನ ಲಂಡನ್ ಫಿಲಂಸ್

ಮೈಸೂರು ಮಹಾರಾಜರ ಆನೆ ಲಾಯದಲ್ಲಿ ಬೆಳೆದ ಸಾಬು ಎಂಬ ಅನಾಥ ಹುಡುಗ ಹಾಲಿವುಡ್ಡಿನ ತಾರೆಯಾದ ಕಥೆಯನ್ನು ನಮ್ಮಲ್ಲಿ ಕೆಲವರಾದರೂ ಮನೆಯ ಹಿರಿಯರ ಬಾಯಲ್ಲಿ ಕೇಳಿರುತ್ತೀರಿ. ಅವನನ್ನು ಹಡಗು ಹತ್ತಿಸಿ ಕರೆಸಿಕೊಂಡ ನಿರ್ಮಾಪಕ ಯಾರು? ಅಚ್ಚ ಇಂಗ್ಲಿಷಿನವನೇ ಇರಬೇಕು ಅಂತ ನಾನೂ ಬಹಳ ದಿನ ತಿಳಿದಿದ್ದೆ. ಹೆಸರು ಸರ್ ಅಲೆಕ್ಸಾಂಡರ್ ಕೋರ್ಡಾ, ಕಂಪನಿ ಲಂಡನ್ ಫಿಲಂಸ್, ಚಿತ್ರ ಶುರುವಾಗುವ ಮೊದಲು ತೆರೆಯ ಮೇಲೆ ಬಿಗ್ ಬೆನ್ ಗಡಿಯಾರ. ಇನ್ನೇನು ಸಾಕ್ಷಿ ಬೇಕು? ಆದರೆ ಆಸಾಮಿ ಇಂಗ್ಲಿಷಿನವನೂ ಅಲ್ಲ, ಆ ಹೆಸರು ಅಪ್ಪ ಅಮ್ಮ ಇಟ್ಟದ್ದೂ ಅಲ್ಲ.

1893ರಲ್ಲಿ ಹಂಗೆರಿಯ ಬಯಲುಸೀಮೆಯ ಒಂದು ಕುಗ್ರಾಮದ ಯೆಹೂದಿ ಮನೆಯಲ್ಲಿ ಹುಟ್ಟಿದಾಗ ಈತ ಶಾಂದೋರ್ ಕೆಲ್ನರ್. ಅಪ್ಪ ದೊಡ್ಡ ಜಮೀನೊಂದರ ಪಾರುಪತ್ಯಗಾರ. ಹುಡುಗನಿಗೆ ಹದಿಮೂರರ ಆಸುಪಾಸಿನಲ್ಲೇ ಅಪ್ಪ ತೀರಿಕೊಂಡ. ಬೆನ್ನಿಗೆ ಇಬ್ಬರು ತಮ್ಮಂದಿರು, ಜೋಲ್ತಾನ್ ಮತ್ತು ವಿನ್ಸೆಂಟ್. ಬುಡಾಪೆಸ್ಟಿಗೆ ಬಂದು ಓದುತ್ತ, ಪತ್ರಿಕೆಗಳಿಗೆ ಬರೆಯುತ್ತ ಒಂದು ಕಾವ್ಯನಾಮ ಹುಡುಕಿಕೊಂಡ. ಲ್ಯಾಟಿನ್ ಪ್ರಾರ್ಥನೆಯಲ್ಲಿ ಬರುವ, ಹೃದಯ ಎಂಬ ಅರ್ಥದ ಮಾತೇ ಕೋರ್ಡಾ. ಮುಂದೆ ತಮ್ಮಂದಿರಿಗೂ ಅದೇ ಮನೆಹೆಸರಾಯಿತು.

ಇಪ್ಪತ್ತೊಂದರ ಹೊತ್ತಿಗೆ ಚಿತ್ರ ನಿರ್ದೇಶಕ, ಇಪ್ಪತ್ತೈದು ತುಂಬುವುದರೊಳಗೆ ಕೊರ್ವಿನ್ ಎಂಬ ಸ್ಟುಡಿಯೋದ ಧಣಿ. ಅಷ್ಟರಲ್ಲಿ 1919 ಬಂತು. ಬೇಲಾ ಕುನ್‌ನ ಕಮ್ಯೂನಿಸ್ಟ್ ಸರಕಾರ ಸಿನಿಮಾ ಉದ್ಯಮವನ್ನೆಲ್ಲ ರಾಷ್ಟ್ರೀಕರಣ ಮಾಡಿತು. ಕೋರ್ಡಾ ಆ ಸರಕಾರಕ್ಕೂ ಚಿತ್ರ ಮಾಡಿಕೊಟ್ಟ. ಕೆಲವೇ ತಿಂಗಳಲ್ಲಿ ಅದು ಬಿದ್ದು ಹೋರ್ತಿಯ ಬಲಪಂಥೀಯ ಪಡೆ ಊರು ಹೊಕ್ಕಿತು. ಯೆಹೂದಿ, ಮೇಲಾಗಿ ಕೆಂಪು ಸರಕಾರಕ್ಕೆ ದುಡಿದವ, ಸುಮ್ಮನೆ ಬಿಡುತ್ತಾರೆಯೆ? ಹಿಡಿದುಕೊಂಡು ಹೋದರು. ಹೆಂಡತಿ ಮರಿಯಾ, ಆಗಿನ ಹೆಸರಾಂತ ನಟಿ, ಅವರಿವರ ಕೈಕಾಲು ಹಿಡಿದು ಬಿಡಿಸಿಕೊಂಡು ಬಂದಳು. ಗಂಡಹೆಂಡಿರು ವಿಯೆನ್ನಾದ ರೈಲು ಹತ್ತಿದರು. ಆಮೇಲೆ ಮೂವತ್ತಾರು ವರ್ಷ ಬದುಕಿದ್ದರೂ ಆತ ಹಂಗೆರಿಗೆ ಮರಳಲಿಲ್ಲ.

ಮುಂದಿನ ಹನ್ನೆರಡು ವರ್ಷ ಊರೂರು ಅಲೆದಾಟ. ವಿಯೆನ್ನಾ, ಬರ್ಲಿನ್, ಅಲ್ಲಿಂದ ಹಾಲಿವುಡ್. ಅಲ್ಲಿ ಧಣಿಗಳೊಡನೆ ಜಗಳವಾಡಿ ಕೆಲಸ ಕಳೆದುಕೊಂಡ. ಟಾಕಿ ಬಂದದ್ದರಿಂದ, ಇಂಗ್ಲಿಷ್ ಬಾರದ ಮರಿಯಾಳ ನಟನೆಯೂ ನಿಂತಿತು, ಮದುವೆಯೂ ಮುರಿಯಿತು. ಪ್ಯಾರಿಸ್ಸಿಗೆ ಹೋಗಿ 1931ರಲ್ಲಿ ಮಾಡಿದ ಮಾರಿಯುಸ್ ಮಾತ್ರ ಫ್ರೆಂಚರು ಇವತ್ತಿಗೂ ತಮ್ಮದೆಂದು ಎದೆಗಪ್ಪಿಕೊಳ್ಳುವ ಚಿತ್ರ. ಮಾಡಿದವ ಹಂಗೆರಿಯವ, ಹಣ ಅಮೆರಿಕದ ಪ್ಯಾರಾಮೌಂಟಿನದು! ಅದೇ ವರ್ಷ ಲಂಡನ್ನಿಗೆ ಬಂದು, ಮರುವರ್ಷ ಲಂಡನ್ ಫಿಲಂಸ್ ಕಟ್ಟಿದ.

1933ರ ದಿ ಪ್ರೈವೇಟ್ ಲೈಫ್ ಆಫ್ ಹೆನ್ರಿ ದಿ ಎಯ್ತ್ ಅವನ ದೆಸೆ ತಿರುಗಿಸಿತು. ಇಂಗ್ಲೆಂಡಿನ ಇತಿಹಾಸದ ರಾಜನನ್ನು ಸಿಂಹಾಸನದಿಂದ ಇಳಿಸಿ ಊಟದ ಮೇಜಿಗೆ ತಂದು ಕೂರಿಸಿದ. ಚಾರ್ಲ್ಸ್ ಲಾಟನ್ ಕೋಳಿಯನ್ನು ಕೈಯಲ್ಲೇ ಹರಿದು ತಿಂದು ಎಲುಬನ್ನು ಬೆನ್ನ ಹಿಂದೆ ಎಸೆದ ಭರಾಟೆಗೆ ಜನ ಮುಗಿಬಿದ್ದರು. ಲಾಟನ್‌ಗೆ ಆಸ್ಕರ್ ಸಿಕ್ಕಿತು. ಬ್ರಿಟನ್ನಿನಲ್ಲಿ ತಯಾರಾದ ಚಿತ್ರವೊಂದಕ್ಕೆ ಬಂದ ಮೊದಲ ಆಸ್ಕರ್ ಅದು. ಪ್ರುಡೆನ್ಶಿಯಲ್ ವಿಮಾ ಕಂಪನಿ ಥೈಲಿ ಬಿಚ್ಚಿತು. 1936ರಲ್ಲಿ ಡೆನ್‌ಹ್ಯಾಮ್‌ನಲ್ಲಿ 165 ಎಕರೆಯ ಮೇಲೆ ಏಳು ಸೌಂಡ್ ಸ್ಟೇಜುಗಳ ಸ್ಟುಡಿಯೋ ಎದ್ದಿತು. ಪರರ ಹಣವನ್ನು ಇಷ್ಟು ಧಾರಾಳವಾಗಿ, ಇಷ್ಟು ನಗುನಗುತ್ತ ಖರ್ಚು ಮಾಡಿದವ ಇನ್ನೊಬ್ಬ ಸಿಗುವುದು ಕಷ್ಟ. ಅಧಿಕಾರವಿಲ್ಲದೆ ಕೂತಿದ್ದ ಚರ್ಚಿಲ್‌ಗೂ ಕಥೆ ಬರೆಯಲು ಸಂಬಳ ಕೊಟ್ಟಿದ್ದ. ಆ ಚಿತ್ರ ಆಗಲೇ ಇಲ್ಲ, ಸ್ನೇಹ ಮಾತ್ರ ಉಳಿಯಿತು.

ಇನ್ನು ನಮ್ಮ ಮೈಸೂರು. ಕಿಪ್ಲಿಂಗನ ಕಥೆಯೊಂದನ್ನು ಚಿತ್ರ ಮಾಡಲು ಸಾಕ್ಷ್ಯಚಿತ್ರಗಳ ಹಿರಿಯ ರಾಬರ್ಟ್ ಫ್ಲಾಹರ್ಟಿಯನ್ನು ಕೋರ್ಡಾ ಅಲ್ಲಿಗೆ ಕಳಿಸಿದ. ಕಾರಾಪುರದ ಮಾವುತನ ಮಗ ಸಾಬು ಆ ತಂಡದ ಕಣ್ಣಿಗೆ ಬಿದ್ದ. ಫ್ಲಾಹರ್ಟಿಯೋ ಸ್ಕ್ರಿಪ್ಟಿನ ಗೊಡವೆಯಿಲ್ಲದೆ ಆನೆ, ಕಾಡು, ಹೊಳೆ ಅಂತ ತಿಂಗಳುಗಟ್ಟಲೆ ರೀಲು ಸುತ್ತುತ್ತಿದ್ದ. ಇತ್ತ ಲಂಡನ್ನಿನಲ್ಲಿ ಲೆಕ್ಕದವರ ಮುಖ ಸಣ್ಣದಾಗುತ್ತಿತ್ತು. ಕೊನೆಗೆ ಕೋರ್ಡಾ ಎಲ್ಲರನ್ನೂ ವಾಪಸು ಕರೆಸಿ, ಉಳಿದ ಕಥೆಯನ್ನು ತಮ್ಮ ಜೋಲ್ತಾನ್ ಕೈಯಲ್ಲಿ ಡೆನ್‌ಹ್ಯಾಮ್‌ನಲ್ಲೇ ತೆಗೆಸಿ ಅಂಟುಹಾಕಿದ. ಅದೇ 1937ರ ಎಲಿಫೆಂಟ್ ಬಾಯ್. ವೆನಿಸ್‌ನಲ್ಲಿ ನಿರ್ದೇಶನದ ಬಹುಮಾನವನ್ನೂ ಗಳಿಸಿತು. ಆದರೂ ನನ್ನ ಮಟ್ಟಿಗೆ ಅದರಲ್ಲಿ ನಿಜವಾಗಿರುವುದು ಎರಡೇ: ಮೈಸೂರಿನ ಕಾಡು, ಆ ಹುಡುಗನ ನಗೆ. ಸ್ಟುಡಿಯೋದಲ್ಲಿ ಮುಖಕ್ಕೆ ಕಪ್ಪು ಬಳಿದುಕೊಂಡು ಬಂದ ಬಿಳಿಯರು ನಾಟಕ ಕಂಪನಿಯವರ ಹಾಗೆ ಕಾಣುತ್ತಾರೆ.

ಇಲ್ಲೇ ನನಗೆ ಕೋರ್ಡಾನ ಮೇಲೆ ಸಿಟ್ಟು. ತನ್ನ ನೆಲದಿಂದ ಓಡಿಬಂದವ ಪರರ ನೆಲ ಆಳುವವರನ್ನು ಹಾಡಿಹೊಗಳುವುದೆ? ಆಫ್ರಿಕದ ಮೇಲಿನ ಅವನ ಸ್ಯಾಂಡರ್ಸ್ ಆಫ್ ದಿ ರಿವರ್ ಚಿತ್ರದಲ್ಲಿ ನಟಿಸಿದ್ದಕ್ಕೆ ಪಾಲ್ ರೋಬ್‌ಸನ್ ಮುಂದೆ ಪಶ್ಚಾತ್ತಾಪ ಪಟ್ಟ. 1938ರ ದಿ ಡ್ರಮ್ ವಾಯವ್ಯ ಗಡಿಯ ಕಥೆ. ಅದರಲ್ಲಿ ಸಾಬು ಬ್ರಿಟಿಷರ ಗೆಳೆಯನಾದ ರಾಜಕುಮಾರ. ಇದೇ ನಮ್ಮ ಬೊಂಬಾಯಿಯಲ್ಲಿ, ಮದರಾಸಿನಲ್ಲಿ ಜನ ರೊಚ್ಚಿಗೆದ್ದು ಪ್ರತಿಭಟಿಸಿದರು, ಚಿತ್ರವನ್ನು ವಾಪಸು ತೆಗೆಯಬೇಕಾಯಿತು. ಒಳ್ಳೆಯದೇ ಆಯಿತು.

ಬೊಂಬಾಯಿಯ ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. 1939ರಲ್ಲಿ ಕೋರ್ಡಾ ಮದುವೆಯಾದ ನಟಿ ಮರ್ಲ್ ಓಬೆರಾನ್ 1911ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಆಂಗ್ಲೋ-ಇಂಡಿಯನ್ ಹುಡುಗಿ. ಆ ಕಾಲದಲ್ಲಿ ಅದು ಗೊತ್ತಾದರೆ ನಾಯಕಿಯ ಪಾತ್ರ ಸಿಗುತ್ತಿರಲಿಲ್ಲ. ಹಾಗಾಗಿ ದೂರದ ಟಾಸ್ಮೇನಿಯಾದಲ್ಲಿ ಹುಟ್ಟಿದವಳು ಅಂತ ಕಥೆ ಕಟ್ಟಿದರು. ಪಾಪ, ಆಕೆ 1979ರಲ್ಲಿ ಸಾಯುವ ತನಕ ಆ ಸುಳ್ಳನ್ನು ಹೊತ್ತುಕೊಂಡೇ ಬದುಕಿದಳು. ನಿಜ ಹೊರಬಿದ್ದದ್ದು ಆಮೇಲೆ. ಹಾಸ್ಟೆಲಿನಲ್ಲಿ ಊರಿನ ಹೆಸರು ಕೇಳಿದರೆ ಹತ್ತಿರದ ದೊಡ್ಡ ಊರಿನ ಹೆಸರು ಹೇಳಿ ಪಾರಾಗುವ ನಮಗೆ ಇದು ಸ್ವಲ್ಪ ಅರ್ಥವಾದೀತು, ಅಲ್ಲವೆ?

ಡೆನ್‌ಹ್ಯಾಮ್ ಸಾಲಕ್ಕೆ ಕೈತಪ್ಪಿತು. ಯುದ್ಧ ಶುರುವಾಗಿ, ಅರ್ಧಕ್ಕೆ ನಿಂತ ಥೀಫ್ ಆಫ್ ಬಾಗ್ದಾದ್ ಅನ್ನು ಅಮೆರಿಕದಲ್ಲಿ ಮುಗಿಸಿ 1940ರಲ್ಲಿ ಬಿಡುಗಡೆ ಮಾಡಿದ. ಕಳ್ಳನಾಗಿ ಸಾಬು ಮೆರೆದ, ಕಲಾನಿರ್ದೇಶನಕ್ಕೆ ತಮ್ಮ ವಿನ್ಸೆಂಟ್ ಆಸ್ಕರ್ ಪಡೆದ. ಮರುವರ್ಷ ನೆಲ್ಸನ್ನನ ಮೇಲೆ ತೆಗೆದ ದಟ್ ಹ್ಯಾಮಿಲ್ಟನ್ ವುಮನ್ ಚರ್ಚಿಲ್‌ಗೆ ಬಲು ಮೆಚ್ಚಿಗೆ. ಆದರೆ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಹಾಲಿವುಡ್ ಜನರನ್ನು ಯುದ್ಧಕ್ಕೆ ಎಳೆಯುತ್ತಿದೆ ಎಂದು ಅಲ್ಲಿನ ಸೆನೆಟ್ ಸಮಿತಿ ವಿಚಾರಣೆ ಹೂಡಿತ್ತು, ಅದರ ಕಣ್ಣು ಇವನ ಮೇಲೂ ಬಿದ್ದಿತ್ತು. ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿತ್ತು, ವಿಚಾರಣೆಯೂ ಅಲ್ಲಿಗೇ ಬಿತ್ತು. 1942ರಲ್ಲಿ ಸರ್ ಪದವಿ ಬಂತು. ಅದುವರೆಗೆ ಚಿತ್ರ ತಯಾರಿಸುವವರಾರಿಗೂ ಬ್ರಿಟನ್ ಆ ಮಾನ ಕೊಟ್ಟಿರಲಿಲ್ಲ.

ಯುದ್ಧ ಮುಗಿದ ಮೇಲೆ ಮತ್ತೆ ಲಂಡನ್, ಮತ್ತೆ ಅದೇ ದುಂದು. ಬ್ರಿಟಿಷ್ ಲಯನ್ ಎಂಬ ಕಂಪನಿ ಹಿಡಿದು ಸರಕಾರದಿಂದಲೇ 30 ಲಕ್ಷ ಪೌಂಡ್ ಸಾಲ ಎತ್ತಿದ. ಆ ಕಾಲದ ಒಂದು ಚಿತ್ರಕ್ಕೆ ಮಾತ್ರ ನಾನು ಅವನ ಎಲ್ಲ ಸಾಲವನ್ನೂ ಮನ್ನಾ ಮಾಡಿಯೇನು. ಯುದ್ಧದಲ್ಲಿ ಸೋತು, ನಾಲ್ಕು ದೇಶಗಳ ಸೈನ್ಯ ಹಂಚಿಕೊಂಡು ಕೂತಿದ್ದ ವಿಯೆನ್ನಾದ ಮೇಲೆ ಕಥೆ ಬೇಕು ಎಂದು ಗ್ರಹಾಂ ಗ್ರೀನ್‌ನನ್ನು ಅಲ್ಲಿಗೆ ಕಳಿಸಿದ. ಕ್ಯಾರಲ್ ರೀಡ್ ನಿರ್ದೇಶಿಸಿದ 1949ರ ದಿ ಥರ್ಡ್ ಮ್ಯಾನ್ ಹುಟ್ಟಿದ್ದು ಹೀಗೆ. ಸುಳ್ಳು ಕಾಗದಪತ್ರ, ಊರು ಕಳೆದುಕೊಂಡ ಜನ, ರಾತ್ರಿ ಬಾಗಿಲು ತಟ್ಟುವ ಪೊಲೀಸರು. ಮೂವತ್ತು ವರ್ಷದ ಹಿಂದೆ ಸೆರೆಯಿಂದ ಬಿಡಿಸಿಕೊಂಡು ಕೋರ್ಡಾ ಬಂದಿಳಿದದ್ದು ಇದೇ ವಿಯೆನ್ನಾದಲ್ಲಿ.

ಸಾಲ ತೀರಲಿಲ್ಲ. 1954ರಲ್ಲಿ ಸರಕಾರ ಬ್ರಿಟಿಷ್ ಲಯನ್‌ಗೆ ರಿಸೀವರನನ್ನು ನೇಮಿಸಿತು. ಅವನೇನು ಸುಮ್ಮನೆ ಕೂತನೆ? ಅಮೆರಿಕದ ಕುಳವೊಂದನ್ನು ಹಿಡಿದು ಹಣ ತಂದು ಮತ್ತೆ ಚಿತ್ರ ತೆಗೆದ. ಒಲಿವಿಯೆಯ ರಿಚರ್ಡ್ ದಿ ಥರ್ಡ್ ಬಂದದ್ದು ಆಗಲೇ. 1956ರ ಜನವರಿ 23ರಂದು ಲಂಡನ್ನಿನಲ್ಲಿ ಹೃದಯಾಘಾತವಾಗಿ ತೀರಿಕೊಂಡ. ವಯಸ್ಸು ಅರವತ್ತೆರಡು. ಏಳು ವರ್ಷದ ನಂತರ, 1963ರಲ್ಲಿ, ನಮ್ಮ ಸಾಬು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದಲೇ ಸತ್ತ. ಅವನಿಗಿನ್ನೂ ಮೂವತ್ತೊಂಬತ್ತು.