ದೇಶಕ್ಕೆ ಹಾಡು ಕೊಟ್ಟವನ ಕಿವಿಯಲ್ಲಿ ಉಳಿದದ್ದು ಮೊರೆತ ಮಾತ್ರ

1874ರ ಬೇಸಿಗೆ. ಪ್ರಾಗ್ ನಗರದ ಪ್ರಾವಿಷನಲ್ ಥಿಯೇಟರ್‌ನಲ್ಲಿ ವಾದ್ಯವೃಂದ ನಡೆಸುತ್ತಿದ್ದ ಬೆಡ್ರಿಚ್ ಸ್ಮೆತನಾಗೆ ಆಗ ಐವತ್ತು ವರ್ಷ. ಮೊದಲು ಕಿವಿ ಕಟ್ಟಿದ ಹಾಗಾಯ್ತು, ತಲೆ ತಿರುಗಿತು, ಒಳಗೆಲ್ಲೋ ಸಿಳ್ಳೆ ಹೊಡೆದಂಥ ಸದ್ದು ಶುರುವಾಯ್ತು. ಒಂದು ಕಿವಿ ಹೋಯಿತು. ಅಕ್ಟೋಬರ್ 20ರ ಹೊತ್ತಿಗೆ ಇನ್ನೊಂದೂ ಹೋಯಿತು. ಹೊರಗಿನ ಸದ್ದು ನಿಂತರೂ ಒಳಗಿನದು ಮಾತ್ರ ನಿಲ್ಲಲಿಲ್ಲ.

ಈತ ಯಾರು ಅಂತ ತಿಳಿಯಲು ರಾಜಕೀಯಕ್ಕೇ ಹೋಗಬೇಕು. ಆಸ್ಟ್ರಿಯಾ ಸಾಮ್ರಾಜ್ಯದಡಿ ಚೆಕ್ಕರ ನಾಡಿನಲ್ಲಿ ಓದು, ಆಡಳಿತ, ದೊಡ್ಡವರ ಮಾತು ಎಲ್ಲವೂ ಜರ್ಮನ್. ಸ್ಮೆತನಾ ಕೂಡ ಜರ್ಮನ್‌ನಲ್ಲೇ ಓದಿದವನು. 1848ರ ಬಂಡಾಯದಲ್ಲಿ ಪ್ರಾಗ್‌ನ ಬ್ಯಾರಿಕೇಡ್‌ನಲ್ಲಿ ನಿಂತಿದ್ದ. ಆದರೆ ಚೆಕ್ ಭಾಷೆಯಲ್ಲಿ ಸರಿಯಾಗಿ ಬರೆಯಲು ಕಲಿತದ್ದು ಮೂವತ್ತೈದು ದಾಟಿದ ಮೇಲೆ, ವ್ಯಾಕರಣ ಹಿಡಿದು ಕೂತು. ಭಾಷಾಭಿಮಾನವನ್ನು ಹುಟ್ಟಿನಿಂದಲೇ ಅಳೆಯುವವರು ಇದನ್ನು ಗಮನಿಸಬೇಕು. 1866ರಲ್ಲಿ ಬಂದ ಅವನ ಒಪೆರಾ 'ದಿ ಬಾರ್ಟರ್ಡ್ ಬ್ರೈಡ್' ಮುಂದೆ ಇಡೀ ಚೆಕ್ ಜನರ ಸ್ವತ್ತಾಯಿತು.

ಅದೇ ಪ್ರಾಗ್‌ನಲ್ಲಿ ಅವನನ್ನು ಜರ್ಮನ್ ಸಂಗೀತಗಾರ ವ್ಯಾಗ್ನರ್‌ನ ಹಿಂಬಾಲಕ, ನಮ್ಮವನೇ ಅಲ್ಲ ಅಂತ ಜರೆಯುವ ಗುಂಪೂ ಇತ್ತು. ಕಿವಿ ಹೋದದ್ದು ಅವರಿಗೆ ಅನುಕೂಲವೇ ಆಯಿತು. ಕೆಲಸ ಬಿಡಬೇಕಾಯಿತು. ವರ್ಷಕ್ಕೆ 1,200 ಗುಲ್ಡನ್ ಪಿಂಚಣಿ, ಅದಕ್ಕೆ ಬದಲಾಗಿ ಒಪೆರಾಗಳನ್ನು ಆಡುವ ಹಕ್ಕು ಥಿಯೇಟರ್‌ಗೆ. ದುಡಿಯುವ ಅಂಗ ಕಳೆದುಕೊಂಡವನಿಂದ ದುಡಿಮೆಯ ಫಲವನ್ನೂ ಬರೆಸಿಕೊಂಡ ಒಪ್ಪಂದ ಇದು, ಇನ್ನೇನು ಹೇಳೋಣ? ಆ ಹಣವೂ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. 1876ರಲ್ಲಿ ಪ್ರಾಗ್ ಬಿಟ್ಟು, ಯಾಬ್ಕೆನಿತ್ಸೆ ಎಂಬ ಹಳ್ಳಿಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಅಳಿಯನ ಮನೆ ಸೇರಿದ.

ವೈದ್ಯರು ಹೇಳಿದ್ದು ಸಂಗೀತ ಬಿಡು, ಸದ್ದಿನಿಂದ ದೂರ ಇರು ಅಂತ. ಇವತ್ತು ಟಿನಿಟಸ್ ಇರುವವರಿಗೆ ಸಾಮಾನ್ಯವಾಗಿ ಇದಕ್ಕೆ ಉಲ್ಟಾ ಹೇಳುತ್ತಾರೆ. ಕಿವಿಯಿಂದ ಬರುವ ಸಂಕೇತ ಕಮ್ಮಿಯಾದಾಗ ಮೆದುಳು ತನ್ನ ವಾಲ್ಯೂಮ್ ತಾನೇ ಏರಿಸಿಕೊಳ್ಳುತ್ತದೆ, ಆ ಮೊರೆತ ಬಹಳಷ್ಟು ಮಟ್ಟಿಗೆ ಅದೇ ಎನ್ನುವುದು ಈಗಿನ ಪ್ರಮುಖ ವಿವರಣೆ. ಪೂರ್ತಿ ನಿಶ್ಶಬ್ದದಲ್ಲಿ ಅದು ಇನ್ನೂ ಜೋರು ಅನಿಸುತ್ತದೆ. ಅದಕ್ಕೇ ರಾತ್ರಿ ಫ್ಯಾನ್ ಸದ್ದೋ ಮಳೆಯ ಸದ್ದೋ ಸಣ್ಣಗೆ ಇರಲಿ ಅನ್ನುವುದು. ಅನೇಕರಿಗೆ ಇದರ ಜೊತೆಗೆ ಕುಕ್ಕರ್ ಸೀಟಿ, ತಟ್ಟೆ ಬಿದ್ದ ಸದ್ದು, ಹಾರನ್ ಕೂಡ ಚುಚ್ಚುತ್ತವೆ. ಹಾಗಂತ ದಿನವಿಡೀ ಇಯರ್‌ಪ್ಲಗ್ ಹಾಕಿಕೊಂಡರೆ ಸೂಕ್ಷ್ಮತೆ ಮತ್ತಷ್ಟು ಹೆಚ್ಚಬಹುದು. ಸದ್ದಿಗೆ ಮೆಲ್ಲಮೆಲ್ಲಗೆ ಮರಳಬೇಕು, ಭಯಕ್ಕೆ ಆಪ್ತಸಮಾಲೋಚನೆ ಬೇಕು. ಪೂರ್ತಿ ಕಿವುಡನಾದ ಸ್ಮೆತನಾಗೆ ಫ್ಯಾನ್ ಸದ್ದಿನಿಂದ ಪ್ರಯೋಜನ ಇರುತ್ತಿರಲಿಲ್ಲ ಬಿಡಿ.

ಅವನು ಬರೆದ. ಕಿವಿ ಹೋಗಿ ಒಂದು ತಿಂಗಳಿಗೆ, ನವೆಂಬರ್ 20ರಿಂದ ಡಿಸೆಂಬರ್ 8ರೊಳಗೆ, ವ್ಲ್ತಾವಾ ನದಿಯ ಮೇಲಿನ ಕೃತಿ ಮುಗಿಸಿದ. ಅದು ಸೇರಿದ 'ಮಾ ವ್ಲಾಸ್ತ್' ಎಂಬ ಆರು ಕೃತಿಗಳ ಮಾಲೆಯಲ್ಲಿ ಒಂದನ್ನೂ ಆತ ಕಿವಿಯಾರೆ ಕೇಳಲಿಲ್ಲ. 1876ರಲ್ಲಿ ತನ್ನ ಬದುಕನ್ನೇ ನಾಲ್ಕು ತಂತಿವಾದ್ಯಗಳಿಗೆ ಬರೆದ. ಕೊನೆಯ ಭಾಗದಲ್ಲಿ ಕುಣಿತದ ಸಂಗೀತ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಕೆಳಗೆ ಉಳಿದ ತಂತಿಗಳು ನಡುಗುತ್ತಿರುವಾಗ ವಯಲಿನ್ ಒಂದೇ ಒಂದು ತಾರ ಸ್ವರವನ್ನು ಹಿಡಿದು ನಿಲ್ಲುತ್ತದೆ. ಅವನ ಕಿವಿಯ ಮೊರೆತ ಅದು. ಹೊರಗಿನವರಿಗೆ ಎಂದೂ ಕೇಳದ, ನಂಬಿಸಲೂ ಆಗದ ಕಾಯಿಲೆ ಇದು. ಸ್ಮೆತನಾ ಅದನ್ನು ಎಲ್ಲರೂ ಕೇಳಲೇಬೇಕಾದ ಹಾಗೆ ಮಾಡಿದ.

1881ರಲ್ಲಿ ಜನರ ಚಂದಾ ಹಣದಿಂದ ಕಟ್ಟಿದ ನ್ಯಾಷನಲ್ ಥಿಯೇಟರ್ ಅವನದೇ 'ಲಿಬುಶೆ' ಒಪೆರಾದಿಂದ ತೆರೆಯಿತು. ಅವನಿಗೇ ಟಿಕೆಟ್ ಕೊಟ್ಟಿರಲಿಲ್ಲ! ಕೊನೇ ಗಳಿಗೆಯಲ್ಲಿ ಥಿಯೇಟರ್ ನಿರ್ದೇಶಕರ ಬಾಕ್ಸ್‌ಗೆ ಕರೆದರು. ಚಪ್ಪಾಳೆಯನ್ನು ಕಣ್ಣಲ್ಲಿ ನೋಡಿದ. ಎರಡೇ ತಿಂಗಳಲ್ಲಿ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಮತ್ತೆ ಕಟ್ಟಲು ಹಣ ಕೂಡಿಸುವುದಕ್ಕೂ ಈತ ಕೈ ಹಾಕಿದ.

ಆಮೇಲೆ ನೆನಪು, ಮಾತು ಒಂದೊಂದೇ ಜಾರಿದವು. ಕಾರಣ ಸಿಫಿಲಿಸ್ ಎನ್ನುವವರೇ ಹೆಚ್ಚು, ವಾದ ಇನ್ನೂ ಇದೆ. 1884ರ ಮೇ 12ರಂದು ಪ್ರಾಗ್‌ನ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡ. ಪ್ರಾಗ್‌ನ ದೊಡ್ಡ ಸಂಗೀತೋತ್ಸವ ಈಗ ಶುರುವಾಗುವುದು ಅದೇ ದಿನ, 'ಮಾ ವ್ಲಾಸ್ತ್' ನುಡಿಸಿ.